ಚಿತ್ರ ಮುಗಿಯಿತು, ನಾಯಕಿಯ ಹೆಸರು ಯಾರಿಗಾದರೂ ನೆನಪಿದೆಯೇ?

ನವಲೂರು ಪೇರಲ | ಶನಿವಾರ, ರಾತ್ರಿ 11:10

ಇಂದು ಸಂಜೆ ಹುಬ್ಬಳ್ಳಿಯಲ್ಲಿ ಹೊಸ ಹೊಡೆದಾಟದ ಚಿತ್ರವೊಂದನ್ನು ನೋಡಿಕೊಂಡು ಆರು ಜನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುತ್ತಿದ್ದೆವು. ನಾನು, ನನ್ನ ಇಬ್ಬರು ತಂಗಿಯರು, ನಾದಿನಿ, ಅವಳ ಗಂಡ, ಹತ್ತನೆಯ ತರಗತಿಯಲ್ಲಿರುವ ಅವರ ಮಗ. ಉಣಕಲ್ ದಾಟುವಾಗ ನಾದಿನಿ ಕೇಳಿದಳು: "ಆ ಹುಡುಗಿಯ ಹೆಸರು ಏನಿತ್ತು?" ನಟಿಯ ಹೆಸರು ಗೊತ್ತಿತ್ತು, ಅವಳು ಕೇಳಿದ್ದು ಪಾತ್ರದ ಹೆಸರು. ಆರು ಜನರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನಾಯಕನ ಹೆಸರು, ಅವನ ಸತ್ತ ತಂದೆಯ ಹೆಸರು, ಖಳನ ಹೆಸರು, ಖಳನ ಬಂಟನ ಅಡ್ಡಹೆಸರು ಎಲ್ಲವನ್ನೂ ಹುಡುಗ ಪಟಪಟನೆ ಹೇಳಿದ. ನಾಯಕನ ಮೋಟಾರ್ ಸೈಕಲ್ಲಿಗೂ ಒಂದು ಹೆಸರಿತ್ತು, ಅದೂ ಅವನಿಗೆ ಗೊತ್ತಿತ್ತು.

ಅವಳು ಚಿತ್ರದಲ್ಲಿ ಏನೂ ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ಮೂರು ಹಾಡಿಗೆ ಕುಣಿದಳು. ಮಳೆಯಲ್ಲಿ ಕಾಲು ಜಾರಿದಳು. ಮೊದಲು ನಾಯಕನನ್ನು ರೌಡಿಯೆಂದು ಬೈದಳು, ಆಮೇಲೆ ಅವನು ಮುದುಕಿಯೊಬ್ಬಳನ್ನು ರಸ್ತೆ ದಾಟಿಸಿದ್ದನ್ನು ಕಂಡು ಕರಗಿದಳು. ಮಧ್ಯಂತರದ ನಂತರ ಗೋದಾಮಿನಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕುಳಿತಳು. ಕಥೆಯ ಪ್ರಕಾರ ಅವಳು ವೈದ್ಯಕೀಯ ಓದುತ್ತಿರುವ ಹುಡುಗಿ. ನಾಯಕನಿಗೆ ಗುಂಡು ತಗುಲಿದಾಗ ಈ ಡಾಕ್ಟರ್ ಮಾಡಿದ್ದೇನೆಂದರೆ, ದುಪಟ್ಟಾ ಹರಿದು ಗಾಯಕ್ಕೆ ಕಟ್ಟಿ ಗಟ್ಟಿಯಾಗಿ ಅತ್ತಿದ್ದು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಇದಕ್ಕಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು.

ಹೊಡೆದಾಟದ ಚಿತ್ರ ನನಗೆ ಇಷ್ಟ. ಇಷ್ಟವಿಲ್ಲದಿದ್ದರೆ ಆರು ಟಿಕೆಟ್ ತೆಗೆಸುತ್ತಿರಲಿಲ್ಲ. ಆದರೆ ಇಂತಹ ಚಿತ್ರಗಳಲ್ಲಿ ಹೆಣ್ಣನ್ನು ಏಕೆ ಹೀಗೆ ಇಡುತ್ತಾರೆ, ಯಾವಾಗಲೂ ಹೀಗೆಯೇ ಇತ್ತೇ ಎಂದು ತಿಳಿದವರು ಹೇಳಿ. ಹೆಸರು ಗೊತ್ತಿದ್ದರೆ ಅದನ್ನೂ ಹೇಳಿ, ನಾದಿನಿ ಕಾಯುತ್ತಿದ್ದಾಳೆ.

ದುರ್ಗದಬೈಲ್ | ಶನಿವಾರ, ರಾತ್ರಿ 11:32

ಅಕ್ಕಾವರೇ, ಮಿರ್ಚಿ ತಿನ್ನಲು ಬಂದವರು ಇದರಲ್ಲಿ ಸಿಹಿ ಏಕಿಲ್ಲವೆಂದು ಕೇಳಿದ ಹಾಗಾಯಿತು. ನನ್ನದು ಮೊಬೈಲ್ ರಿಪೇರಿ ಅಂಗಡಿ. ಹಗಲೆಲ್ಲ ಗಿರಾಕಿಗಳ ಒಡೆದ ಪರದೆ ನೋಡಿ ಸಾಕಾಗಿ ರಾತ್ರಿ ದೊಡ್ಡ ಪರದೆ ನೋಡಲು ಹೋಗುತ್ತೇನೆ. ನನಗೆ ಬೇಕಾಗಿರುವುದು ನಾಯಕ ಬಾಗಿಲು ಒದ್ದು ಒಳಗೆ ಬರುವುದು. ಅದಕ್ಕೆ ದುಡ್ಡು ಕೊಟ್ಟಿರುತ್ತೇನೆ.

ಮತ್ತೆ, ಹೆಣ್ಣಿಗೆ ಬೆಲೆಯೇ ಇಲ್ಲವೆಂಬುದು ತಪ್ಪು. 'ಬಾಹುಬಲಿ'ಯಲ್ಲಿ ಶಿವಗಾಮಿ ಇಲ್ಲವೇ? ಇಡೀ ರಾಜ್ಯ ಅವಳ ಒಂದು ಮಾತಿಗೆ ನಡೆಯುತ್ತದೆ. 'ಕೆಜಿಎಫ್' ಎರಡನೆಯ ಭಾಗದಲ್ಲಿ ದೇಶದ ಪ್ರಧಾನಿಯೇ ಹೆಣ್ಣು, ಕೊನೆಯ ಆಜ್ಞೆ ಅವಳದು. ನಾಯಕ ಅಷ್ಟೆಲ್ಲ ಮಾಡುವುದು ಯಾರಿಗಾಗಿ? ತಾಯಿಗೆ ಕೊಟ್ಟ ಮಾತಿಗಾಗಿ. ಇದಕ್ಕಿಂತ ದೊಡ್ಡ ಗೌರವ ಯಾವುದು?

ಹೆಸರು ನನಗೂ ನೆನಪಿಲ್ಲ. ನಾನು ಮೊದಲ ದಿನವೇ ನೋಡಿದ್ದೇನೆ.

ಸಾಧನಕೇರಿ ಕಟ್ಟೆ | ಭಾನುವಾರ, ಬೆಳಿಗ್ಗೆ 7:05

ಇದಕ್ಕೆ ಶಾಸ್ತ್ರೀಯವಾದ ಉತ್ತರವಿದೆ. 1975ರಲ್ಲಿ ಲಾರಾ ಮಲ್ವಿ ಎಂಬ ಬ್ರಿಟಿಷ್ ವಿದುಷಿ ಒಂದು ಪ್ರಬಂಧ ಪ್ರಕಟಿಸಿದರು. ಜನಪ್ರಿಯ ಚಿತ್ರದಲ್ಲಿ ಗಂಡು ನೋಡುವವನು, ಹೆಣ್ಣು ನೋಡಿಸಿಕೊಳ್ಳುವವಳು. ಗಂಡು ಕಥೆಯನ್ನು ಮುಂದಕ್ಕೆ ನಡೆಸುತ್ತಾನೆ, ಹೆಣ್ಣು ತೆರೆಗೆ ಬಂದಾಗ ಕಥೆ ನಿಂತು ಅವಳನ್ನು ನೋಡುತ್ತದೆ ಎಂಬುದು ಅವರ ವಾದದ ಸಾರ. ಕ್ಯಾಮೆರಾ ಎಲ್ಲಿ ನಿಂತಿದೆ ಎಂದು ಗಮನಿಸಿ. ನಾಯಕ ಬರುವಾಗ ಅದು ನೆಲದಲ್ಲಿ ಕುಳಿತು ಅವನನ್ನು ತಲೆಯೆತ್ತಿ ನೋಡುತ್ತದೆ. ನಾಯಕಿ ಬರುವಾಗ ಪಾದದಿಂದ ಹೊರಟು ಸೊಂಟದಲ್ಲಿ ತಂಗಿ ಮುಖಕ್ಕೆ ತಡವಾಗಿ ತಲುಪುತ್ತದೆ.

ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್‌ಡೆಲ್ 1985ರ ತಮ್ಮ ಚಿತ್ರಪಟ್ಟಿಯೊಂದರಲ್ಲಿ ಒಂದು ಪರೀಕ್ಷೆಯನ್ನು ಮುಂದಿಟ್ಟರು. ಚಿತ್ರದಲ್ಲಿ ಇಬ್ಬರು ಹೆಂಗಸರು ಇರಬೇಕು, ಅವರು ಪರಸ್ಪರ ಮಾತನಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ನಿನ್ನೆ ನೋಡಿದ ಚಿತ್ರಕ್ಕೆ ಇದನ್ನು ಹಚ್ಚಿ ನೋಡಿ.

ಬ್ಯಾಡಗಿ ಕೆಂಪು | ಭಾನುವಾರ, ಬೆಳಿಗ್ಗೆ 7:40

ಮಾಸ್ತರರೇ, ನಿಮ್ಮ ಪರೀಕ್ಷೆಯಲ್ಲಿ ನಮ್ಮ ಮನೆಯೂ ನಪಾಸು. ನಾನು ಮತ್ತು ಅತ್ತೆ ಇಡೀ ದಿನ ಮಾತನಾಡುವುದು ಅವರ ಮಗನ ಬಗ್ಗೆಯೇ.

ನವಲೂರು ಪೇರಲ | ಭಾನುವಾರ, ಬೆಳಿಗ್ಗೆ 8:15

ಚಿತ್ರದಲ್ಲಿ ನಾಯಕಿಗೆ ಗೆಳತಿ ಒಬ್ಬಳಿದ್ದಳು. ಇಬ್ಬರೂ ಮಾತನಾಡಿದ್ದು ಎರಡು ಸಲ. ಮೊದಲನೆಯದು, "ಅವನು ನಿನ್ನನ್ನೇ ನೋಡುತ್ತಿದ್ದಾನೆ." ಎರಡನೆಯದು, "ನಾನು ಅವನನ್ನು ತಪ್ಪು ತಿಳಿದುಕೊಂಡಿದ್ದೆ." ಅಲ್ಲಿಗೆ ಗೆಳತಿಯ ಕೆಲಸ ಮುಗಿಯಿತು, ಆಮೇಲೆ ಅವಳು ಎಲ್ಲಿ ಹೋದಳೋ ದೇವರಿಗೇ ಗೊತ್ತು.

ದುರ್ಗದಬೈಲ್ ಅಣ್ಣಾವರೇ, ಶಿವಗಾಮಿಯನ್ನು ಒಪ್ಪುತ್ತೇನೆ. ಆದರೆ ಅದೇ ಚಿತ್ರದ ಅವಂತಿಕಾಳನ್ನು ಏಕೆ ಬಿಟ್ಟಿರಿ? 2015ರ ಮೊದಲ ಭಾಗದಲ್ಲಿ ಅವಳು ಯೋಧೆ. ಸೆರೆಯಲ್ಲಿರುವ ದೇವಸೇನೆಯನ್ನು ಬಿಡಿಸಿ ತರುವ ಹೊಣೆ ಹೊತ್ತವಳು. ನಾಯಕ ಬರುತ್ತಾನೆ. ಕಾದಾಡುತ್ತಲೇ ಅವಳ ಯುದ್ಧದ ಉಡುಪು ಕಳಚುತ್ತಾನೆ, ಮುಡಿ ಬಿಚ್ಚುತ್ತಾನೆ, ತುಟಿಗೆ ಬಣ್ಣ ಹಚ್ಚುತ್ತಾನೆ. ಅವಳು ಮನಸೋಲುತ್ತಾಳೆ. ನಂತರ ಅವಳ ಆ ಹೊಣೆಯನ್ನು ಅವನೇ ಹೊತ್ತುಕೊಂಡು ಹೊರಡುತ್ತಾನೆ. ಅವಳ ಕೆಲಸವನ್ನೇ ಕಿತ್ತುಕೊಂಡರಲ್ಲ, ನನಗೆ ಉಡುಪಿಗಿಂತ ಹೆಚ್ಚು ಕೋಪ ಬಂದದ್ದು ಅದಕ್ಕೆ. ಎರಡನೆಯ ಭಾಗದಲ್ಲಿ ಅವಳು ಕಂಡೂ ಕಾಣದ ಹಾಗೆ ಬಂದು ಹೋಗುತ್ತಾಳೆ.

ಭೀಷ್ಮಕೆರೆ ದಂಡೆ | ಭಾನುವಾರ, ಬೆಳಿಗ್ಗೆ 10:20

ನಾನು ಗದಗಿನವನು. ಮೂವತ್ತೊಂದು ವರ್ಷ ಚಿತ್ರಮಂದಿರದ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರ್ ನಡೆಸಿ ನಿವೃತ್ತನಾಗಿದ್ದೇನೆ. ಕಾರ್ಬನ್ ಕಡ್ಡಿಯ ಕಾಲದಿಂದ ರೀಲಿನ ಡಬ್ಬಿಗಳು ಬರುವುದು ನಿಲ್ಲುವವರೆಗೆ ನೋಡಿದ್ದೇನೆ. ನೀವೆಲ್ಲ ಪರದೆ ನೋಡುತ್ತೀರಿ. ನಾನು ಕ್ಯಾಬಿನ್ನಿನ ಕಿಂಡಿಯಿಂದ ನಿಮ್ಮ ತಲೆಗಳನ್ನೂ ನೋಡುತ್ತಿದ್ದೆ.

ಯಾವಾಗಲೂ ಹೀಗೆಯೇ ಇತ್ತೇ ಎಂದು ತಂಗಿ ಕೇಳಿದ್ದಾಳೆ. ಇರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು 'ಹಂಟರ್‌ವಾಲಿ'ಯ ಮಾತು ತೆಗೆದರೆ ಬೀಡಿ ಆರಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. 1935ರ ಚಿತ್ರ. ನಾದಿಯಾ ಎಂಬ ನಟಿ, ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. ಮುಖವಾಡ ಹಾಕಿ, ಕೈಯಲ್ಲಿ ಚಾವಟಿ ಹಿಡಿದು, ಕುದುರೆ ಏರಿ ದುಷ್ಟರನ್ನು ಬಡಿಯುತ್ತಿದ್ದಳು. ಚಲಿಸುವ ರೈಲಿನ ಮೇಲೆ ನಿಂತು ಹೊಡೆದಾಡುತ್ತಿದ್ದಳು, ಅದೂ ತಾನೇ. ಆಗ ದೇಶಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ.

ಇನ್ನು ನಮ್ಮ ಮಾಲಾಶ್ರೀ. 1989ರ 'ನಂಜುಂಡಿ ಕಲ್ಯಾಣ'ವನ್ನು ನಾನೇ ಓಡಿಸಿದ್ದೇನೆ. ಅದರಲ್ಲಿ ಅವಳು ಸೊಕ್ಕಿನ ಹುಡುಗಿ, ನಾಯಕ ಸೊಕ್ಕು ಮುರಿಯುತ್ತಾನೆ, ಗಾಂಧಿ ಕ್ಲಾಸಿನಿಂದ ಶಿಳ್ಳೆ. ಕೆಲವೇ ವರ್ಷಗಳಲ್ಲಿ ಅದೇ ಮಾಲಾಶ್ರೀ ಪೊಲೀಸ್ ಸಮವಸ್ತ್ರದಲ್ಲಿ ಬಂದಳು. 2004ರಲ್ಲಿ 'ದುರ್ಗಿ' ಬರುವ ಹೊತ್ತಿಗೆ ಗೋಡೆಪತ್ರದಲ್ಲಿ ಅವಳ ಮುಖವೊಂದೇ ಸಾಕಾಗಿತ್ತು. ಯಾರು ಸೊಕ್ಕು ಮುರಿಸಿಕೊಂಡಳೋ ಅವಳೇ ಊರಿನವರ ಸೊಕ್ಕು ಮುರಿಯತೊಡಗಿದಳು. ಆ ಚಿತ್ರಗಳಿಗೆ ಮ್ಯಾಟಿನಿಯಲ್ಲಿ ಹೆಂಗಸರ ಕೌಂಟರಿನ ಸಾಲು ಗೇಟಿನ ಹೊರಗೆ ಬರುತ್ತಿತ್ತು. ಒಂದು ಮಾತು ಹೇಳುತ್ತೇನೆ, ನಗಬೇಡಿ. ಹೆಂಗಸರು ಶಿಳ್ಳೆ ಹೊಡೆಯುವುದನ್ನು ನಾನು ಮೊದಲು ಕೇಳಿದ್ದು ಆಗಲೇ. ಬಾಲ್ಕನಿಯ ಕತ್ತಲೆಯಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದು.

ದುರ್ಗದಬೈಲ್ | ಭಾನುವಾರ, ಬೆಳಿಗ್ಗೆ 10:41

ಕಾಕಾ, ಇದು ಮಾತು! ಹಾಗಾದರೆ ಹೆಣ್ಣು ಹೊಡೆದರೂ ಜನ ನೋಡುತ್ತಾರೆ ಎಂದಾಯಿತು. ಮತ್ತೆ ಇಂದು ಏಕೆ ತೆಗೆಯುವುದಿಲ್ಲ?

ಗೋಕುಲ ರಸ್ತೆ | ಭಾನುವಾರ, ಮಧ್ಯಾಹ್ನ 12:30

ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನಲ್ಲಿ, ನಾಲ್ಕು ಚಿತ್ರಗಳಿಗೆ ಸಹಾಯಕ ನಿರ್ದೇಶಕನಾಗಿ ದುಡಿದಿದ್ದೇನೆ. ಹೆಸರುಗಳನ್ನು ಹೇಳುವುದಿಲ್ಲ, ಐದನೆಯದು ಸಿಗಬೇಕು.

ಕಥೆ ಬರೆಯುವ ಕೋಣೆಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಮೊದಲು ನಾಯಕನ ಕಾಲ್‌ಶೀಟ್. ಆಮೇಲೆ ಖಳ, ಏಕೆಂದರೆ ಖಳ ದೊಡ್ಡವನಾದಷ್ಟೂ ನಾಯಕ ದೊಡ್ಡವನಾಗುತ್ತಾನೆ. ಆಮೇಲೆ ಫೈಟ್ ಮಾಸ್ಟರ್, ಸಂಗೀತ. ಗೋಡೆಗೆ ಚೀಟಿ ಅಂಟಿಸಿ ದೃಶ್ಯಗಳನ್ನು ಜೋಡಿಸುತ್ತೇವೆ. ನಾಯಕಿಯ ಚೀಟಿಗಳ ಬಣ್ಣ ಬೇರೆ. ಒಮ್ಮೆ ಹೊಡೆದಾಟಗಳ ನಡುವೆ ಉಸಿರಾಡಲು ಜಾಗವಿಲ್ಲ ಎಂದಾಗ ಆ ಬಣ್ಣದ ಐದು ಚೀಟಿಗಳನ್ನು ಕಿತ್ತು ಬೇರೆ ಕಡೆ ಅಂಟಿಸಿದರು. ಕಥೆ ಅಲುಗಾಡಲಿಲ್ಲ. ಗೋಡೆಯ ಮೇಲಿನ ಯಾವ ಚೀಟಿಯನ್ನು ಎಲ್ಲಿಗೆ ಬೇಕಾದರೂ ಸರಿಸಬಹುದೋ ಅದು ಅವಳದು ಎಂದು ಅಂದು ನನಗೆ ಗೊತ್ತಾಯಿತು. ಚಿತ್ರೀಕರಣದ ಹಾಳೆಯಲ್ಲಿ ಎಷ್ಟೋ ದಿನ ಅವಳ ಪಾತ್ರಕ್ಕೆ ಹೆಸರು ಇಟ್ಟಿರಲಿಲ್ಲ, "ನಾಯಕಿ" ಎಂದೇ ಬರೆಯುತ್ತಿದ್ದೆವು. ಪೇರಲ ಅಕ್ಕಾವರೇ, ನಿಮ್ಮ ಬಸ್ಸಿನ ಪ್ರಶ್ನೆಗೆ ಉತ್ತರ ಬಹುಶಃ ಇದೇ.

ಹೊಡೆದಾಟದ ದೃಶ್ಯದಲ್ಲಿ ಇನ್ನೊಂದು ಸಂಗತಿ ಇದೆ. ನಾಯಕನ ಜಾಕೆಟ್ಟಿನ ಒಳಗೆ ಬೆನ್ನಿಗೆ, ಮೊಣಕೈಗೆ, ಮಂಡಿಗೆ ಪ್ಯಾಡ್ ಕಟ್ಟುತ್ತಾರೆ. ಸೊಂಟಕ್ಕೆ ಹಗ್ಗದ ಪಟ್ಟಿ. ನಾಯಕಿಗೆ ಕೊಡುವ ಉಡುಪಿನಲ್ಲಿ ಪ್ಯಾಡ್ ಎಲ್ಲಿ ಅಡಗಿಸುವುದು? ತೋಳಿಲ್ಲ, ಬೆನ್ನಿಲ್ಲ. ಆಗ ಅವಳ ಬದಲಿಗೆ ಡ್ಯೂಪ್ ಬೀಳಬೇಕು, ಆ ಡ್ಯೂಪ್ ಕೂಡ ಅದೇ ಉಡುಪು ತೊಟ್ಟು ಬರಿ ಚರ್ಮದ ಮೇಲೆ ಬೀಳಬೇಕು. ಎಷ್ಟೋ ಸಲ ತೆಳ್ಳಗಿನ ಹುಡುಗನಿಗೆ ವಿಗ್ ಹಾಕಿ ಮುಗಿಸಿಬಿಡುತ್ತಾರೆ.

ನವಲೂರು ಪೇರಲ | ಭಾನುವಾರ, ಮಧ್ಯಾಹ್ನ 1:05

ವಿಗ್ ಹಾಕಿದ ಹುಡುಗ! ನಾಯಕಿಗೆ ಕೊನೆಗೂ ಒಂದು ಹೊಡೆದಾಟ ಸಿಕ್ಕಿತು ಎನ್ನುವಾಗ ಅದನ್ನೂ ಗಂಡಸೇ ಮಾಡಿ ಹೋಗುತ್ತಾನೆ.

ಭೀಷ್ಮಕೆರೆ ದಂಡೆ | ಭಾನುವಾರ, ಮಧ್ಯಾಹ್ನ 1:30

ಎಲ್ಲ ಕಡೆ ಹಾಗಿಲ್ಲ ತಂಗಿ. 'ಶೋಲೆ'ಯಲ್ಲಿ ಬಸಂತಿಯ ಟಾಂಗಾ ಓಡುವ ದೃಶ್ಯ ನೆನಪಿದೆಯಲ್ಲ? 1975ರ ಚಿತ್ರ, ನಮ್ಮ ರಾಮನಗರದ ಬಂಡೆಗಳ ನಡುವೆಯೇ ತೆಗೆದದ್ದು. ಅಲ್ಲಿ ಹೇಮಾ ಮಾಲಿನಿಯ ಬದಲಿಗೆ ಅಪಾಯದ ಕೆಲಸ ಮಾಡಿದವಳು ರೇಶ್ಮಾ ಪಠಾಣ್ ಎಂಬ ಸಾಹಸ ಕಲಾವಿದೆ. ನಾನು ಆ ಚಿತ್ರವನ್ನು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕವಿಲ್ಲ. ಅವಳ ಹೆಸರು ತಿಳಿದದ್ದು ಮಾತ್ರ ನಿವೃತ್ತಿಯ ನಂತರ, ಮೊಮ್ಮಗಳ ಮೊಬೈಲಿನಲ್ಲಿ.

ಗರಡಿ ಮಣ್ಣು | ಭಾನುವಾರ, ಸಂಜೆ 6:50

ನಮಸ್ಕಾರ. ನಾನು ಕುಸ್ತಿ ಆಡುವವಳು, 57 ಕೆ.ಜಿ. ವಿಭಾಗ. ಗದಗ, ಧಾರವಾಡದ ಕಡೆ ಈಗ ನಮ್ಮಂತಹ ಹುಡುಗಿಯರು ಸಾಕಷ್ಟು ಇದ್ದೇವೆ. ಅಜ್ಜ ಪೈಲ್ವಾನರಾಗಿದ್ದರು. ಅವರ ಕಾಲದ ಗರಡಿಯಲ್ಲಿ ಹೆಂಗಸು ಹೊಸ್ತಿಲು ದಾಟುವಂತಿರಲಿಲ್ಲ. ನಾನು ಕಲಿತದ್ದು ಮ್ಯಾಟಿನ ಮೇಲೆ.

ಚಿತ್ರಗಳಲ್ಲಿ ಹೆಣ್ಣು ಹೊಡೆದಾಡುವ ರೀತಿ ನೋಡಿದರೆ ನನಗೆ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಒಂದೋ ಅವಳು ಚೀರುತ್ತಾ ಹೂಕುಂಡ ಎತ್ತಿ ಹಿಂದಿನಿಂದ ಒಡೆಯುತ್ತಾಳೆ, ಇಲ್ಲವೇ ಆಕಾಶಕ್ಕೆ ಹಾರಿ ಹತ್ತು ಜನರನ್ನು ಒಂದೇ ಒದೆತಕ್ಕೆ ಕೆಡವುತ್ತಾಳೆ. ನಡುವೆ ಏನೂ ಇಲ್ಲ. ನಿಜವಾಗಿ ನನಗಿಂತ ಹದಿನೈದು ಕೆ.ಜಿ. ಹೆಚ್ಚಿರುವ ಹುಡುಗನ ಜೊತೆ ಅಭ್ಯಾಸ ಮಾಡುವಾಗ ತೋಳಿನ ಬಲ ನಂಬಿದರೆ ನಾನು ಸೋತಂತೆ. ಅವನು ತಳ್ಳಲಿ ಎಂದು ಕಾಯುತ್ತೇನೆ. ತಳ್ಳಿದ ಕ್ಷಣ ಅವನ ತೋಳು ಹಿಡಿದು, ತಿರುಗಿ, ನನ್ನ ಸೊಂಟವನ್ನು ಅವನ ಸೊಂಟದ ಕೆಳಗೆ ಇಟ್ಟು ಎತ್ತಿ ಹಾಕುತ್ತೇನೆ. ಧೋಬಿ ಪಛಾಡ್ ಎನ್ನುತ್ತಾರೆ, ಅಗಸರು ಬಟ್ಟೆ ಒಗೆಯುವ ಹಾಗೆ. ಅವನ ಭಾರವೇ ಅವನನ್ನು ಕೆಡವುತ್ತದೆ. ಇದನ್ನು ತೆರೆಯ ಮೇಲೆ ತೋರಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಆದರೆ ತೋರಿಸಬೇಕಾದರೆ ಅವಳು ಯೋಚಿಸುವುದನ್ನೂ ತೋರಿಸಬೇಕು, ಸಮಸ್ಯೆ ಅಲ್ಲಿದೆ.

'ದಂಗಲ್' ಬಗ್ಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಚಿತ್ರ ಇಷ್ಟ, ನಾಲ್ಕು ಸಲ ನೋಡಿದ್ದೇನೆ. ಆದರೆ ಗೀತಾ ಫೋಗಟ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಸುಲಭವಾಗಿಯೇ ಗೆದ್ದಿದ್ದಳು. ಚಿತ್ರದಲ್ಲಿ ಅದನ್ನು ಕೊನೆಯ ಸೆಕೆಂಡಿನವರೆಗೆ ಎಳೆದರು. ತಂದೆಯನ್ನು ಕೋಣೆಯಲ್ಲಿ ಕೂಡಿಹಾಕಿದ್ದೂ ಕಟ್ಟುಕಥೆ. ಅಲ್ಲಿಯೂ ಅವಳು ಗೆದ್ದದ್ದು ಅಪ್ಪ ಹಿಂದೊಮ್ಮೆ ಹೇಳಿದ ಮಾತು ನೆನಪಾಗಿ. ಅಖಾಡದಲ್ಲಿ ಆರು ನಿಮಿಷ ನಮ್ಮ ತಲೆಯೊಳಗೆ ಎಷ್ಟು ಓಡುತ್ತಿರುತ್ತದೆ ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ದುರ್ಗದಬೈಲ್ | ಭಾನುವಾರ, ರಾತ್ರಿ 8:10

ತಂಗಿ, ನಿನ್ನ ಎದುರು ವಾದ ಮಾಡುವ ಧೈರ್ಯ ನನಗಿಲ್ಲ, ನನ್ನ ತೂಕ 82. ಆದರೂ ಕೇಳುತ್ತೇನೆ: ನಾಯಕ ಒಬ್ಬನೇ ಐವತ್ತು ಜನರನ್ನು ಹೊಡೆಯುವುದು ಮಾತ್ರ ನಿಜವೇ? ಅದೂ ಸುಳ್ಳು. ಸುಳ್ಳು ನೋಡಲೆಂದೇ ಹೋಗುತ್ತೇವೆ. ಹೆಣ್ಣಿನ ವಿಷಯ ಬಂದಾಗ ಮಾತ್ರ ಸತ್ಯದ ತಕ್ಕಡಿ ಏಕೆ ಹಿಡಿಯಬೇಕು?

ಗರಡಿ ಮಣ್ಣು | ಭಾನುವಾರ, ರಾತ್ರಿ 8:25

ಅಣ್ಣ, ಸುಳ್ಳು ಇರಲಿ. ನನ್ನ ಪಾಲಿನ ಸುಳ್ಳನ್ನೂ ಕೊಡಿ ಎನ್ನುತ್ತಿದ್ದೇನೆ.

ಬ್ಯಾಡಗಿ ಕೆಂಪು | ಭಾನುವಾರ, ರಾತ್ರಿ 9:40

ಊಟ ಮುಗಿಸಿ, ಪಾತ್ರೆ ತೊಳೆದು, ಈಗ ಬಂದೆ. ಬೆಳಿಗ್ಗೆ ತಮಾಷೆ ಮಾಡಿದೆ, ಈಗ ಸ್ವಲ್ಪ ಸಿಟ್ಟಿನಿಂದ ಬರೆಯುತ್ತೇನೆ.

ಹೊಡೆದಾಟದ ಚಿತ್ರಗಳಲ್ಲಿ ಹೆಣ್ಣು ಎಲ್ಲಿ ಇಲ್ಲ ಎನ್ನುತ್ತೀರಿ? ಬೈಗುಳದಲ್ಲಿ ಇದ್ದಾಳೆ. "ನಾನೇನು ಬಳೆ ತೊಟ್ಟು ಕುಳಿತಿಲ್ಲ" ಎಂಬ ಮಾತು ಎಷ್ಟು ಚಿತ್ರಗಳಲ್ಲಿ ಬಂದಿದೆ ಎಂದು ಎಣಿಸಲು ಹೋದರೆ ನನ್ನ ಕೈಯ ಬಳೆಗಳು ಸಾಲುವುದಿಲ್ಲ. ಎದುರಾಳಿಗೆ ಸೀರೆ ಉಡಿಸಿ ಅವಮಾನಿಸುವ ದೃಶ್ಯವನ್ನು ಮಕ್ಕಳು ಕೇಕೆ ಹಾಕಿ ನೋಡುತ್ತಾರೆ. ಬ್ಯಾಡಗಿಯ ಮಾರುಕಟ್ಟೆಗೆ ಸುಗ್ಗಿಯಲ್ಲಿ ಒಮ್ಮೆ ಬನ್ನಿ. ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವ, ಆರಿಸುವ ಕೈಗಳನ್ನು ನೋಡಿ. ನನ್ನ ತಾಯಿ ಇಪ್ಪತ್ತು ವರ್ಷ ಆ ಕೆಲಸ ಮಾಡಿದ್ದಾಳೆ. ಘಾಟಿಗೆ ಗಂಡಸರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ಇವರು ಸೆರಗು ಬಿಗಿದು ಸಂಜೆಯವರೆಗೆ ಕುಳಿತಿರುತ್ತಾರೆ. ರಾತ್ರಿ ಅವಳ ಬೆರಳು ಉರಿಯುತ್ತಿದ್ದವು, ಮಜ್ಜಿಗೆಯಲ್ಲಿ ಅದ್ದಿಕೊಂಡು ಮಲಗುತ್ತಿದ್ದಳು. ಅವಳು ಬಳೆ ತೊಟ್ಟೇ ಕುಳಿತಿದ್ದಳು.

ಇನ್ನೊಂದು ಪದ 'ಗಂಡುಬೀರಿ'. ಗಟ್ಟಿಯಾಗಿ ಮಾತನಾಡುವ ಹುಡುಗಿಯನ್ನು ಮೊದಲರ್ಧದಲ್ಲಿ ಹಾಗೆ ಕರೆಯುತ್ತಾರೆ. ನಾಯಕ ಒಂದು ಕಪಾಳಕ್ಕೆ ಕೊಡುತ್ತಾನೆ. ಮುಂದಿನ ದೃಶ್ಯದಲ್ಲಿ ಅವಳು ಸೀರೆ ಉಟ್ಟು ತುಳಸಿಕಟ್ಟೆ ಸುತ್ತುತ್ತಾಳೆ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಕಬಡ್ಡಿ ಆಡುವ ನನ್ನ ಹುಡುಗಿಯರಿಗೆ ಊರಿನವರು ಇದೇ ಹೆಸರು ಇಟ್ಟಿದ್ದಾರೆ. ಹೊಡೆಯುವ ಗಂಡಸಿಗೆ ಹತ್ತು ಬಿರುದು ಇವೆ, ಹೊಡೆಯುವ ಹೆಣ್ಣಿಗೆ ಇರುವ ಒಂದೇ ಹೆಸರಿನಲ್ಲಿಯೂ 'ಗಂಡು' ಮೊದಲು ಬರುತ್ತದೆ.

ಸಾಧನಕೇರಿ ಕಟ್ಟೆ | ಭಾನುವಾರ, ರಾತ್ರಿ 10:15

ಆದರೆ ನಮ್ಮ ನೆಲದಲ್ಲಿ ವೀರವನಿತೆಯರಿಗೆ ಕೊರತೆಯಿಲ್ಲ. ಚೆನ್ನಮ್ಮ, ಬೆಳವಡಿ ಮಲ್ಲಮ್ಮ, ಓಬವ್ವ. 1961ರಲ್ಲೇ ಬಿ. ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ' ತೆಗೆದರು, ಬಿ. ಸರೋಜಾದೇವಿ ರಾಣಿಯಾದರು. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಒಂದೇ ಹಾಡಿನಲ್ಲಿ ಬಂದು ಇಂದಿಗೂ ಮನಸ್ಸಿನಲ್ಲಿ ಉಳಿದಿದ್ದಾರೆ. ಪರಂಪರೆ ನಮ್ಮ ಬಳಿ ಇದೆ, ಬಳಸಿಕೊಳ್ಳುತ್ತಿಲ್ಲ ಅಷ್ಟೇ.

ಬ್ಯಾಡಗಿ ಕೆಂಪು | ಭಾನುವಾರ, ರಾತ್ರಿ 10:31

ಓಬವ್ವನ ಕಥೆಯನ್ನು ಇನ್ನೊಮ್ಮೆ ಓದಿ ಮಾಸ್ತರರೇ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದವಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಕಂಡಳು. ಗಂಡನನ್ನು ಊಟದ ನಡುವೆ ಎಬ್ಬಿಸಬಾರದೆಂದು ಒನಕೆ ಎತ್ತಿಕೊಂಡು ತಾನೇ ನಿಂತಳು. ಪಾಠ ಹೇಳುವಾಗಲೆಲ್ಲ ನಾನು ಇಲ್ಲಿ ತಡವರಿಸುತ್ತೇನೆ. ಕೋಟೆ ಉಳಿಸುವಾಗಲೂ ಅವನ ತಟ್ಟೆಯ ಚಿಂತೆ.

ಭೀಷ್ಮಕೆರೆ ದಂಡೆ | ಭಾನುವಾರ, ರಾತ್ರಿ 10:50

ನನಗೆ ಹಾಗೆ ಅನ್ನಿಸುವುದಿಲ್ಲ ತಂಗಿ. ಮನೆಯಲ್ಲಿದ್ದ ಸಾಮಾನಿನಿಂದಲೇ ಯುದ್ಧ ಮಾಡಿದಳಲ್ಲ, ಅದರಿಂದಲೇ ಅವಳು ನಮ್ಮವಳು. ಕತ್ತಿ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಒನಕೆ ಇರುತ್ತಿತ್ತು. ಆ ಹಾಡು ಬಂದಾಗ ನನ್ನ ಕಿಂಡಿಯ ಕೆಳಗೆ ಕುಳಿತ ಹೆಂಗಸರ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನವಲೂರು ಪೇರಲ | ಸೋಮವಾರ, ಬೆಳಿಗ್ಗೆ 9:20

ಇಂದು ಕೆಲಸಕ್ಕೆ ಹೋಗುವಾಗ ಹುಬ್ಬಳ್ಳಿಯ ಚೆನ್ನಮ್ಮನ ವೃತ್ತದಲ್ಲಿ ಸಿಗ್ನಲ್ ಬಿದ್ದಿತ್ತು. ಕುದುರೆಯ ಮೇಲೆ ಖಡ್ಗ ಎತ್ತಿದ ರಾಣಿಯನ್ನು ಬಹಳ ದಿನಗಳ ನಂತರ ತಲೆಯೆತ್ತಿ ನೋಡಿದೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ಅಂದರೆ ಆಗ ಅವಳ ವಯಸ್ಸು ಸುಮಾರು ನಲವತ್ತಾರು. ನನಗೂ ಈಗ ನಲವತ್ತಾರು. ಚಿತ್ರದಲ್ಲಿ ರಾಣಿಯಾದ ಸರೋಜಾದೇವಿಗೆ ಆಗ ಇಪ್ಪತ್ಮೂರು.

ಸರೋಜಾದೇವಿಯ ಬಗ್ಗೆ ನನ್ನದು ದೂರಿಲ್ಲ, ಆ ಚಿತ್ರವನ್ನು ನಾನು ಕಣ್ತುಂಬ ನೋಡಿದವಳು. ಆದರೆ ಇಂದು ಐವತ್ತೈದು ದಾಟಿದ ನಾಯಕ ಇಪ್ಪತ್ತೆರಡರ ಹುಡುಗಿಯ ಜೊತೆ ಕುಣಿಯುತ್ತಾನೆ, ನಲವತ್ತಾರರ ನಟಿ ಅವನ ತಾಯಿಯಾಗಿ ಹಾಸಿಗೆಯಲ್ಲಿ ಕೆಮ್ಮುತ್ತಾಳೆ. ಚೆನ್ನಮ್ಮ ಖಡ್ಗ ಎತ್ತುವುದಕ್ಕೆ ಮೊದಲು ಮಾಡಿದ್ದನ್ನೂ ನೋಡಿ. ದತ್ತು ಮಗನ ಹಕ್ಕಿಗಾಗಿ ಮುಂಬಯಿಯ ಗವರ್ನರನಿಗೆ ಪತ್ರ ಬರೆದಳು, ವಾದ ಹೂಡಿದಳು. ಗೆದ್ದ ಮೇಲೆ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳನ್ನು ಒತ್ತೆಯಿಟ್ಟುಕೊಂಡು ಮಾತುಕತೆ ನಡೆಸಿದಳು. ಲೆಕ್ಕ ಹಾಕಿ ನಡೆ ಇಡುವ ನಡುವಯಸ್ಸಿನ ಹೆಂಗಸು. ಇಂತಹ ಪಾತ್ರವನ್ನು ನಮ್ಮ ಹೊಡೆದಾಟದ ಚಿತ್ರಗಳಲ್ಲಿ ಯಾರಿಗೆ ಕೊಡುತ್ತಾರೆ? ಖಳನಿಗೆ.

ದುರ್ಗದಬೈಲ್ | ಸೋಮವಾರ, ಬೆಳಿಗ್ಗೆ 11:00

ಇದು ಹೊಳೆದಿರಲಿಲ್ಲ. ನಿಜ, ಯೋಜನೆ ಹಾಕುವವನು ಯಾವಾಗಲೂ ಖಳನೇ. ನಾಯಕ ಸುಮ್ಮನೆ ಬಾಗಿಲು ಒದೆಯುತ್ತಾನೆ.

ಗೋಕುಲ ರಸ್ತೆ | ಸೋಮವಾರ, ಮಧ್ಯಾಹ್ನ 2:15

1979ರ ಹಾಲಿವುಡ್ ಚಿತ್ರ 'ಏಲಿಯನ್'ನ ಚಿತ್ರಕಥೆಯಲ್ಲಿ ಒಂದು ಟಿಪ್ಪಣಿ ಇತ್ತು: ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಪಾತ್ರಗಳನ್ನು ಗಂಡಸರಾದರೂ ಮಾಡಬಹುದು, ಹೆಂಗಸರಾದರೂ ಮಾಡಬಹುದು. ರಿಪ್ಲಿಯ ಪಾತ್ರಕ್ಕೆ ಸಿಗೋರ್ನಿ ವೀವರ್ ಬಂದರು. ಸೋಂಕು ತಗುಲಿದವನನ್ನು ನೌಕೆಯೊಳಗೆ ಬಿಡಬಾರದೆಂದು ನಿಯಮ ಹಿಡಿದು ನಿಲ್ಲುವವಳು ಅವಳೇ. ಅವಳ ಮಾತು ಮೀರಿ ಬಾಗಿಲು ತೆರೆಯುತ್ತಾರೆ, ಅನುಭವಿಸುತ್ತಾರೆ. ನಾನು ಒಮ್ಮೆ ನಮ್ಮ ಕೋಣೆಯಲ್ಲಿ ಇದನ್ನು ಹೇಳಿ, ನಮ್ಮ ಕಥೆಯಲ್ಲಿ ನಾಯಕನ ಲಾರಿಗೆ ದಾರಿ ಹೇಳುವ ಗೆಳೆಯನನ್ನು ಹೆಣ್ಣು ಮಾಡೋಣವೇ ಎಂದು ಕೇಳಿದೆ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಅವರಿಬ್ಬರಿಗೆ ಲವ್ ಇರುತ್ತದೆಯೇ?" ಇಲ್ಲ ಎಂದೆ. "ಮತ್ತೆ ಅವಳು ಲಾರಿಯಲ್ಲಿ ಏಕೆ ಇರುತ್ತಾಳೆ?" ದಾರಿ ಗೊತ್ತಿರುವುದರಿಂದ ಎಂದೆ. ನಕ್ಕು ಚಹಾ ತರಲು ಕಳುಹಿಸಿದರು.

ಭೀಷ್ಮಕೆರೆ ದಂಡೆ | ಸೋಮವಾರ, ರಾತ್ರಿ 9:00

ನಿಮ್ಮ ವಾದ ಓದುತ್ತಿದ್ದರೆ ನನಗೆ ಹರದೇಶಿ-ನಾಗೇಶಿ ನೆನಪಾಗುತ್ತಿದೆ. ಈಗಿನವರಿಗೆ ಗೊತ್ತಿದೆಯೋ ಇಲ್ಲವೋ. ಗೀಗೀ ಪದದ ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ಶಿವನ ಪಕ್ಷ. ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ, ಶಕ್ತಿಯ ಪಕ್ಷ. ಜಾತ್ರೆಯಲ್ಲಿ ದಪ್ಪು, ತುಂತುಣಿ ಹಿಡಿದು ಎದುರುಬದುರು ನಿಂತರೆ ಬೆಳಗಾಗುತ್ತಿತ್ತು. ಹರದೇಶಿಯವನು ರಾಮನನ್ನು ತಂದರೆ ನಾಗೇಶಿಯವಳು ಅವನನ್ನು ಹೆತ್ತವಳು ಯಾರು ಎಂದು ಕೇಳುತ್ತಾಳೆ. ಒಗಟು ಹಾಕಿದರೆ ಬಿಡಿಸಬೇಕು, ಬಿಡಿಸದಿದ್ದರೆ ಮಂದಿಯೆದುರು ಸೋತಂತೆ. ಅಲ್ಲಿ ಹೆಣ್ಣನ್ನು ಹೊಗಳುತ್ತಿದ್ದರು ಎಂದು ಹೇಳುತ್ತಿಲ್ಲ. ಹರದೇಶಿಯವರ ಹಾಡಿನಲ್ಲಿ ಹೆಣ್ಣಿಗೆ ಬೀಳುತ್ತಿದ್ದ ಮಾತು ಕೇಳಿದರೆ ನೀವೆಲ್ಲ ಎದ್ದು ಹೋಗುತ್ತೀರಿ. ಆದರೆ ಅವನ ಪದ ಮುಗಿದ ಮೇಲೆ ದಪ್ಪು ಅವಳ ಕೈಗೆ ಬರುತ್ತಿತ್ತು. ಅವಳ ಸರದಿ ತಪ್ಪಿಸುವ ಧೈರ್ಯ ಯಾವ ಊರಿನ ಗೌಡನಿಗೂ ಇರಲಿಲ್ಲ.

ಮಾಲಾಶ್ರೀಯ ಚಿತ್ರಗಳಲ್ಲಿ ನನಗೆ ಕಂಡದ್ದೂ ಅದೇ. ಒಡೆದ ಬಾಟಲಿಗಳ ಲೆಕ್ಕ ಯಾರಿಗೆ ಬೇಕು? ಅವಳ ಸರದಿ ಬರುತ್ತಿತ್ತು. ಶನಿವಾರ ನೀವು ನೋಡಿದ ಚಿತ್ರದಲ್ಲಿ ಎರಡೂವರೆ ಗಂಟೆ ಹರದೇಶಿಯವನೇ ಹಾಡಿದ್ದಾನೆ, ನಾಗೇಶಿಯವಳನ್ನು ಕುರ್ಚಿಗೆ ಕಟ್ಟಿದ್ದಾರೆ.

ಗರಡಿ ಮಣ್ಣು | ಸೋಮವಾರ, ರಾತ್ರಿ 9:12

ಕಾಕಾ, ನಮ್ಮ ಅಜ್ಜಿ ಒಗಟು ಹಾಕುತ್ತಿದ್ದದ್ದು ಅಲ್ಲಿಂದಲೇ ಕಲಿತೇನೋ. ನಾಳೆ ಕೇಳುತ್ತೇನೆ.

ಸಾಧನಕೇರಿ ಕಟ್ಟೆ | ಸೋಮವಾರ, ರಾತ್ರಿ 9:30

ಮಲ್ವಿಯವರ ಪ್ರಬಂಧವನ್ನು ನಾನು ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹರದೇಶಿ-ನಾಗೇಶಿಯನ್ನು ಅದರ ಪಕ್ಕದಲ್ಲಿ ಇಡಬೇಕೆಂದು ಒಮ್ಮೆಯೂ ತೋಚಲಿಲ್ಲ. ನಾಚಿಕೆಯಾಗುತ್ತಿದೆ.

ದುರ್ಗದಬೈಲ್ | ಮಂಗಳವಾರ, ರಾತ್ರಿ 12:50

ಈಗಷ್ಟೇ ಎರಡನೆಯ ಸಲ ಆ ಚಿತ್ರ ನೋಡಿ ಬಂದೆ. ಬಾಗಿಲು ಒದೆಯುವಾಗ ಈ ಸಲವೂ ಶಿಳ್ಳೆ ಹೊಡೆದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಉಳಿದ ಹೊತ್ತು ಹೆಸರಿಗಾಗಿ ಕಿವಿ ತೆರೆದುಕೊಂಡೇ ಕುಳಿತಿದ್ದೆ. ನಾಯಕ ಅವಳನ್ನು "ಏ ಹುಡುಗಿ" ಎನ್ನುತ್ತಾನೆ. ಅವಳ ತಂದೆ "ಮಗಳೇ" ಎನ್ನುತ್ತಾನೆ. ಗೆಳತಿ "ಲೇ" ಎನ್ನುತ್ತಾಳೆ. ಖಳ "ಅವನ ಹುಡುಗಿಯನ್ನು ಎತ್ತಿಕೊಂಡು ಬನ್ನಿ" ಎನ್ನುತ್ತಾನೆ. ಗೋದಾಮಿನ ದೃಶ್ಯಕ್ಕೆ ಮೊದಲು ಅವಳ ಕಾಲೇಜಿನ ಗುರುತಿನ ಚೀಟಿ ನೆಲಕ್ಕೆ ಬೀಳುತ್ತದೆ, ಕ್ಯಾಮೆರಾ ಅದರ ಹತ್ತಿರಕ್ಕೆ ಹೋಗುತ್ತದೆ. ಹೆಸರು ಅಲ್ಲಿದೆ. ಓದಬೇಕು ಎನ್ನುವಷ್ಟರಲ್ಲಿ ನಾಯಕನ ಬೂಟು ಅದರ ಮೇಲೆ ಬಂದು ನಿಂತಿತು, ಇಡೀ ಚಿತ್ರಮಂದಿರ ಎದ್ದು ನಿಂತು ಕೂಗಿತು.

ಮೊದಲ ಅಕ್ಷರ 'ಅ' ಎಂದು ಕಂಡ ಹಾಗಾಯಿತು. ಭಾನುವಾರ ಮ್ಯಾಟಿನಿಗೆ ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತೇನೆ. ಪೇರಲ ಅಕ್ಕಾವರೇ, ನಾದಿನಿಯನ್ನು ಕರೆದುಕೊಂಡು ಬರುವುದಾದರೆ ಹೇಳಿ, ಟಿಕೆಟ್ ನಾನೇ ತೆಗೆಸುತ್ತೇನೆ.

ನವಲೂರು ಪೇರಲ | ಮಂಗಳವಾರ, ಬೆಳಿಗ್ಗೆ 6:30

ಬರುತ್ತಾಳಂತೆ. ಕನ್ನಡಕ ಹಾಕಿಕೊಂಡು ಬರುತ್ತಾಳೆ.